ಮಲಪ್ರಭಾ ಕಣಿವೆಯ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲಪ್ರಭಾ ಕಣಿವೆ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹೊಳೆ ಹುಟ್ಟುತ್ತದೆ. ಸುಮಾರು 300 ಕಿ.ಮೀ. ಹರಿದು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಹುಟ್ಟುವ ಕಡೆ ದಟ್ಟ ಕಾಡು, ಜಡಿಮಳೆ. ಸೇರುವ ಕಡೆ ಎರೆಹೊಲ, ಜೋಳ, ಸುಡುವ ಬಿಸಿಲು. ನಡುವೆ ಬಾದಾಮಿ ಸುತ್ತಮುತ್ತ ಕೆಂಪು ಮರಳುಗಲ್ಲಿನ ಗುಡ್ಡಗಳು ಸಿಗುತ್ತವೆ. ಪ್ರವಾಸಿಗರು ಕಣಿವೆ ಎನ್ನುವುದು ಸಾಮಾನ್ಯವಾಗಿ ಈ ಭಾಗವನ್ನೇ. 6ರಿಂದ 8ನೇ ಶತಮಾನದವರೆಗೆ ಚಾಲುಕ್ಯರು ಬಂಡೆ ಕೊರೆದಿದ್ದು, ಗುಡಿ ಕಟ್ಟಿದ್ದು ಇಲ್ಲೇ. ಈ ಪುಟದಲ್ಲೂ ಅದರದೇ ಮಾತು ಜಾಸ್ತಿ.

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದಾ?

ದೂರದ ಲೆಕ್ಕದಲ್ಲಿ ಆಗುತ್ತದೆ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೊಂದು 13–14 ಕಿ.ಮೀ. ಎಷ್ಟೋ ಜನ ಹಾಗೇ ಮಾಡುತ್ತಾರೆ. ಬೆಳಗ್ಗೆ ಗುಹೆ, ಮಧ್ಯಾಹ್ನದ ಉರಿಬಿಸಿಲಲ್ಲಿ ಪಟ್ಟದಕಲ್ಲು, ಸಂಜೆ ಹೊತ್ತಿಗೆ ಐಹೊಳೆಯಲ್ಲಿ ಕಾಲು ಸೋತು ದುರ್ಗ ಗುಡಿ ಮುಂದೆ ಒಂದು ಫೋಟೋ, ವಾಪಸ್. ಆಮೇಲೆ ಯಾವ ಗುಡಿ ಯಾವ ಊರಿನದು ಎಂಬುದೇ ನೆನಪಿರುವುದಿಲ್ಲ.

ಬಾದಾಮಿಯಲ್ಲಿ ಎರಡು ರಾತ್ರಿ ಉಳಿಯಿರಿ. ಒಂದು ದಿನ ಪೂರ್ತಿ ಬಾದಾಮಿಗೆ, ಇನ್ನೊಂದು ದಿನ ಉಳಿದೆರಡಕ್ಕೆ. ಮೂರನೇ ದಿನವೂ ಸಿಕ್ಕರೆ ಮಹಾಕೂಟ, ಬನಶಂಕರಿ, ಗುಳೇದಗುಡ್ಡ.

ಯಾವ ಊರಿಂದ ಶುರು ಮಾಡಬೇಕು?

ಬಸ್ಸು, ರೈಲು, ವಸತಿ ಎಲ್ಲ ಬಾದಾಮಿಯಲ್ಲಿ ಇರುವುದರಿಂದ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಅದು ಸರಿ. ಆದರೆ ಎರಡನೇ ದಿನ ಮೊದಲು ಐಹೊಳೆಗೆ ಹೋಗಿ, ವಾಪಸ್ ಬರುವಾಗ ಪಟ್ಟದಕಲ್ಲು ನೋಡಿ. ಕಾರಣ ಇದೆ. ಐಹೊಳೆಯಲ್ಲಿ ಶಿಲ್ಪಿಗಳು ಇನ್ನೂ ಹುಡುಕುತ್ತಿದ್ದಾರೆ. ಒಂದು ಗುಡಿಗೆ ಚಪ್ಪಟೆ ಮಾಡು, ಇನ್ನೊಂದಕ್ಕೆ ಇಳಿಜಾರು, ಮತ್ತೊಂದರ ಹಿಂಭಾಗ ಅರ್ಧ ದುಂಡು. ಯಾವುದು ನಿಲ್ಲುತ್ತದೆ, ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಕಲ್ಲಲ್ಲೇ ಮಾಡಿ ನೋಡಿದ ಹಾಗಿದೆ. ಪಟ್ಟದಕಲ್ಲಿಗೆ ಬರುವಷ್ಟರಲ್ಲಿ ಅವರಿಗೆ ಉತ್ತರ ಗೊತ್ತಾಗಿದೆ. ಈ ಕ್ರಮದಲ್ಲಿ ನೋಡಿದರೆ ವಿರೂಪಾಕ್ಷ ಗುಡಿಯ ಮುಂದೆ ನಿಂತಾಗ ಅದು ಯಾಕೆ ದೊಡ್ಡ ವಿಷಯ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬಾದಾಮಿಯಲ್ಲಿ ಗುಹೆಗಳನ್ನು ಬಿಟ್ಟು ಏನಿದೆ?

ಗುಹೆಗಳ ಬಗ್ಗೆಯೇ ಎರಡು ಮಾತು ಮೊದಲು ಹೇಳುತ್ತೇನೆ, ಯಾಕೆಂದರೆ ಅಲ್ಲೂ ಜನ ಓಡುತ್ತಾರೆ. ನಾಲ್ಕು ಗುಹೆಗಳಿವೆ. ಮೊದಲನೆಯದು ಶಿವನದು. ಬಾಗಿಲ ಪಕ್ಕದ ಬಂಡೆಯಲ್ಲೇ ಹದಿನೆಂಟು ಕೈಗಳ ನಟರಾಜ. ಎರಡನೆಯದು, ಮೂರನೆಯದು ವಿಷ್ಣುವಿನವು. ನಾಲ್ಕನೆಯದು ಜೈನರದು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಶಾಸನ ಇರುವುದರಿಂದ ಕಾಲ ಖಚಿತವಾಗಿ ಗೊತ್ತು: ಕ್ರಿ.ಶ. 578. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ತಮ್ಮ ಮಂಗಳೇಶ ಮಾಡಿಸಿದ್ದು. ಹೆಡೆ ಎತ್ತಿದ ಶೇಷನ ಮೇಲೆ ಕೂತ ವಿಷ್ಣುವನ್ನು ನೋಡಿ ಎಲ್ಲರೂ ಹೊರಡುತ್ತಾರೆ. ಕಂಬದ ಮೇಲ್ತುದಿಯಲ್ಲಿ ಬೋದಿಗೆಗೆ ಆತುಕೊಂಡ ದಂಪತಿ ಶಿಲ್ಪಗಳನ್ನು ತಲೆ ಎತ್ತಿ ನೋಡಿ. ಒಬ್ಬರ ನಿಲುವು ಇನ್ನೊಬ್ಬರಿಗಿಲ್ಲ. ಚಾವಣಿಯಲ್ಲಿ ಹಳೆಯ ಬಣ್ಣದ ಚಿತ್ರಗಳ ಕುರುಹು ಇನ್ನೂ ಉಳಿದಿದೆ.

ಈಗ ಉಳಿದದ್ದು. ಗುಹೆಗಳ ಕೆಳಗೆ ಅಗಸ್ತ್ಯ ತೀರ್ಥ ಎಂಬ ಕೆರೆ. ಅದರ ಪೂರ್ವ ತುದಿಗೆ ಭೂತನಾಥ ಗುಡಿಗಳು. ಸಂಜೆ ಅಲ್ಲೇ ಇರಿ. ಪಡುವಣ ಬಿಸಿಲು ಬಿದ್ದಾಗ ಹಿಂದಿನ ಬಂಡೆಯೂ ಗುಡಿಯೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಕೆರೆಯ ಆಚೆ ದಂಡೆಗೆ ಪುರಾತತ್ವ ಇಲಾಖೆಯ ಮ್ಯೂಸಿಯಂ. ಅದರ ಪಕ್ಕದಿಂದ ಬಂಡೆಗಳ ಸಂದಿಯಲ್ಲಿ ಹತ್ತಿದರೆ ಉತ್ತರದ ಕೋಟೆ, ಮೇಲೆ ಎರಡು ಶಿವಾಲಯಗಳು. ಮಾಲೆಗಿತ್ತಿ ಶಿವಾಲಯ ಸ್ವಲ್ಪ ಆಚೆ, ಬೇರೆ ಬಂಡೆಯ ಮೇಲೆ ಒಂಟಿಯಾಗಿ ನಿಂತಿದೆ. ನನ್ನನ್ನು ಕೇಳಿದರೆ ಬಾದಾಮಿಯ ಅತಿ ಚೆಂದದ ಕಟ್ಟಡ ಅದೇ. ಚಿಕ್ಕದು, ಗಟ್ಟಿಮುಟ್ಟು, ಒಂದು ಕಲ್ಲೂ ಹೆಚ್ಚಿಲ್ಲ.

ಮೊದಲನೇ ಪುಲಕೇಶಿ 543ರಲ್ಲಿ ಈ ಬೆಟ್ಟವನ್ನು ಕೋಟೆ ಮಾಡಿಕೊಂಡ ಸಂಗತಿ ಇಲ್ಲಿನ ಬಂಡೆ ಶಾಸನದಲ್ಲೇ ಇದೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಊರನ್ನು ಗೆದ್ದು ತನ್ನದೂ ಒಂದು ಶಾಸನ ಕೆತ್ತಿಸಿದ. ಗೆದ್ದವರದೂ ಸೋತವರದೂ ಬರಹ ಒಂದೇ ಊರಿನ ಬಂಡೆಗಳಲ್ಲಿ ಇದೆ.

ಕನ್ನಡ ಓದುವವರು ತಪ್ಪಿಸಬಾರದ್ದು ಇನ್ನೊಂದಿದೆ. ಕೆರೆಯ ಈಶಾನ್ಯ ಬದಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ. ಸುಮಾರು 700ನೇ ಇಸವಿಯದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಒಳ್ಳೆಯವನಿಗೆ ಒಳ್ಳೆಯವ, ಕೆಣಕಿದವನಿಗೆ ಯಮ ಅನ್ನುವ ಧಾಟಿಯ ವೀರನ ಹೊಗಳಿಕೆ. ಅಲ್ಲಿಗೆ ಬೋರ್ಡು ನೋಡಿ ಹೋಗುವ ಬದಲು ಮ್ಯೂಸಿಯಂ ಹತ್ತಿರ ಯಾರನ್ನಾದರೂ ದಾರಿ ಕೇಳಿ ಹೋಗುವುದು ಸುಲಭ.

ವಾತಾಪಿ ಗಣಪತಿ ಬಾದಾಮಿಯಲ್ಲಿ ಎಲ್ಲಿದ್ದಾನೆ?

ಇಲ್ಲಿಲ್ಲ. ವಾತಾಪಿ ಎಂದರೆ ಬಾದಾಮಿಯ ಹಳೆಯ ಹೆಸರು. ಪಲ್ಲವರ ಸೇನಾಪತಿ ಗೆದ್ದ ಮೇಲೆ ಹೊತ್ತುಕೊಂಡು ಹೋದ ಎಂಬ ನಂಬಿಕೆ ಇದೆ. ಆ ಹೆಸರಿನ ಗಣಪತಿ ತಮಿಳುನಾಡಿನ ತಿರುಚೆಂಗಾಟ್ಟಂಗುಡಿಯಲ್ಲಿ ಇದ್ದಾನೆ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಂತೆ. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ದುರ್ಗ ಗುಡಿಯ ಆವರಣದಿಂದ ಶುರು ಮಾಡಿ. ಅಂದಹಾಗೆ ಅದು ದುರ್ಗಾದೇವಿಯ ಗುಡಿಯಲ್ಲ. ಹಿಂದೆ ಕೋಟೆಗೆ ಸೇರಿಕೊಂಡಿದ್ದರಿಂದ ಬಂದ ಹೆಸರು. ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಸುತ್ತ ಕಂಬಗಳ ಪಡಸಾಲೆ. ಆ ಪಡಸಾಲೆಯಲ್ಲಿ ಒಂದು ಸುತ್ತು ನಿಧಾನವಾಗಿ ಬನ್ನಿ. ಪಕ್ಕದ ಲಾಡಖಾನ್ ಗುಡಿ 5ನೇ ಶತಮಾನದ್ದು ಎಂದು ಹಳೆಯ ಪುಸ್ತಕಗಳಲ್ಲಿ ಇರುತ್ತದೆ, ಗೈಡ್‌ಗಳೂ ಅದನ್ನೇ ಹೇಳುತ್ತಾರೆ. ಈಚಿನ ವಿದ್ವಾಂಸರು ಅದನ್ನು 7–8ನೇ ಶತಮಾನಕ್ಕೆ ತರುತ್ತಾರೆ. ಅದರ ಚಾವಣಿ ನೋಡಿ. ಮರದ ಮನೆ ಕಟ್ಟುವವರು ಕಲ್ಲಿಗೆ ಕೈ ಹಾಕಿದ ಹಾಗಿದೆ. ಚಪ್ಪಡಿಗಳ ಸಂದಿಗೆ ಮರದ ತೊಲೆಯಂಥ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ.

ಆವರಣದ ಹೊರಗೆ ಎರಡನ್ನು ಬಿಡಬೇಡಿ. ಒಂದು ರಾವಣಫಡಿ. ಒಂದೇ ಬಂಡೆಯಲ್ಲಿ ಕೊರೆದ ಗುಹೆ, ಒಳಗೆ ಸಪ್ತಮಾತೃಕೆಯರ ಜೊತೆ ಕುಣಿಯುವ ಶಿವ. ಇನ್ನೊಂದು ಗುಡ್ಡದ ಮೇಲಿನ ಮೇಗುತಿ ಜಿನಾಲಯ. 634ರಲ್ಲಿ ಕವಿ ರವಿಕೀರ್ತಿ ಕಟ್ಟಿಸಿದ. ಪೂರ್ವದ ಗೋಡೆಯಲ್ಲಿರುವ ಅವನ ಶಾಸನದಲ್ಲೇ ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ಬರುವುದು. ಭಾಷೆ ಸಂಸ್ಕೃತ, ಲಿಪಿ ಹಳೆಗನ್ನಡದ್ದು. ಕೊನೆಗೆ ತಾನು ಕಾಳಿದಾಸ, ಭಾರವಿಯರಿಗೆ ಸಮ ಎಂದು ತಾನೇ ಬರೆದುಕೊಂಡಿದ್ದಾನೆ. ನಾಚಿಕೆ ಅನ್ನುವುದು ಇಲ್ಲವೇ ಇಲ್ಲ! ಆದರೆ ಕಾಳಿದಾಸನ ಕಾಲ ಲೆಕ್ಕ ಹಾಕುವವರಿಗೆ ಇವತ್ತಿಗೂ ಆ ಸಾಲು ಬೇಕೇ ಬೇಕು. ಮೇಗುತಿಯ ಗುಡ್ಡದ ಮೇಲೆ ಇತಿಹಾಸಪೂರ್ವ ಕಾಲದ ಕಲ್ಗೋರಿಗಳೂ ಇವೆ.

ಉಳಿದ ಗುಡಿಗಳು ಮನೆಗಳ ನಡುವೆ, ಹಿತ್ತಲಲ್ಲಿ ಇವೆ. ಹಿಂದೆ ಅವುಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು, ದನ ಕಟ್ಟುತ್ತಿದ್ದರು. ಲಾಡಖಾನ್ ಅಂಥ ಒಬ್ಬ ನಿವಾಸಿಯ ಹೆಸರೇ. ಓಣಿಗಳಲ್ಲಿ ಸುಮ್ನೆ ನಡೆದರೆ ಸಾಕು, ತಾನಾಗಿ ಸಿಗುತ್ತವೆ. ಎಲ್ಲವನ್ನೂ ನೋಡುವ ಹಟ ಬೇಡ.

ಪಟ್ಟದಕಲ್ಲಿಗೆ ಎಷ್ಟು ಹೊತ್ತು ಬೇಕು? ಗೈಡ್ ಬೇಕಾ?

ಎರಡೂವರೆ, ಮೂರು ಗಂಟೆ ಇಟ್ಟುಕೊಳ್ಳಿ. ಇಲ್ಲಿ ಮಾತ್ರ ಗೈಡ್ ತೆಗೆದುಕೊಳ್ಳಿ ಎನ್ನುತ್ತೇನೆ. ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳು ಗೇಣುದ್ದದ ಪಟ್ಟಿಗಳಲ್ಲಿ ಇವೆ. ಯಾರಾದರೂ ಬೆರಳು ತೋರಿಸದಿದ್ದರೆ ಕಣ್ಣಿಗೆ ಬೀಳುವುದಿಲ್ಲ.

ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಈ ಗುಡಿ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟ. ಆ ಮಾತು ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲಿದೆ. ವಿರೂಪಾಕ್ಷವನ್ನು ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರು ಇಲ್ಲಿನ ಶಾಸನದಲ್ಲಿ ಉಳಿದಿದೆ. ಎಷ್ಟು ಗುಡಿಗಳಿಗೆ ಇಂಥ ಭಾಗ್ಯ ಇದೆ ಹೇಳಿ.

ಯುನೆಸ್ಕೊ 1987ರಲ್ಲಿ ಪಟ್ಟದಕಲ್ಲನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಟ್ಟು ಹತ್ತು ಗುಡಿಗಳು. ಆದರೆ ಬೇಲಿಯೊಳಗೆ ಇರುವುದು ಎಂಟೇ. ಒಂಬತ್ತನೆಯದು ಪಾಪನಾಥ. ಆವರಣದ ದಕ್ಷಿಣಕ್ಕೆ ಸ್ವಲ್ಪ ನಡೆಯಬೇಕು. ಗೋಡೆ ದಕ್ಷಿಣದ ಶೈಲಿ, ಶಿಖರ ಉತ್ತರದ ಶೈಲಿ. ಎರಡನ್ನೂ ಒಂದೇ ಕಟ್ಟಡದಲ್ಲಿ ಹೊಂದಿಸಲು ಹೊರಟಿದ್ದಾರೆ. ನನ್ನ ಕಣ್ಣಿಗೆ ಅದು ಅಷ್ಟಾಗಿ ಹೊಂದಿಲ್ಲ, ಆದರೂ ಗೋಡೆಯ ರಾಮಾಯಣಕ್ಕಾಗಿ ಹೋಗಿ. ಹತ್ತನೆಯದು ಬಾದಾಮಿ ರಸ್ತೆಯಲ್ಲಿರುವ ಜೈನ ಬಸದಿ. ರಾಷ್ಟ್ರಕೂಟರ ಕಾಲದ್ದು. ಅಲ್ಲಿ ಹೆಚ್ಚಾಗಿ ಯಾರೂ ಇರುವುದಿಲ್ಲ.

ಹೊರಡುವ ಮುಂಚೆ ವಿರೂಪಾಕ್ಷದ ಪೂರ್ವದ ಬಾಗಿಲಿಂದ ಹೊಳೆಯ ಕಡೆ ಹೋಗಿ. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಪಟ್ಟ ಕಟ್ಟಲು ರಾಜರು ಈ ಜಾಗವನ್ನೇ ಆರಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ ಎನ್ನುತ್ತಾರೆ.

ಮಹಾಕೂಟ, ಬನಶಂಕರಿಗೆ ಹೋಗಲೇಬೇಕಾ?

ಹಳೆಯ ಗುಡಿ ಎಂದರೆ ಪೂಜೆ ನಿಂತ ಗುಡಿ ಎನ್ನುವ ಅನಿಸಿಕೆ ಮೂರು ಊರು ನೋಡಿದ ಮೇಲೆ ಬಂದುಬಿಡುತ್ತದೆ. ಅದು ಹೋಗಬೇಕಾದರೆ ಮಹಾಕೂಟಕ್ಕೆ ಹೋಗಿ. ದೊಡ್ಡ ಆಲದ ಮರಗಳ ಕೆಳಗೆ ಚಾಲುಕ್ಯರ ಗುಡಿಗಳು, ನಡುವೆ ಸೆಲೆಯ ನೀರು ತುಂಬುವ ಪುಷ್ಕರಿಣಿ. ಹುಡುಗರು ಅದರಲ್ಲಿ ಧುಮುಕಿ ಈಜುತ್ತಿರುತ್ತಾರೆ, ಅಜ್ಜಿಯರು ಮಿಂದು ಒದ್ದೆ ಸೀರೆಯಲ್ಲೇ ಪ್ರದಕ್ಷಿಣೆ ಹಾಕುತ್ತಾರೆ. ಇಲ್ಲಿದ್ದ ಮಂಗಳೇಶನ ಶಾಸನ ಕಂಬ ಈಗ ವಿಜಯಪುರದ ಮ್ಯೂಸಿಯಂನಲ್ಲಿದೆ. ಬಾದಾಮಿಯಿಂದ ಗುಡ್ಡದ ಮೇಲೆ ಹಾದು ಬರುವ ಕಾಲುದಾರಿಯೂ ಇದೆ. ಚಳಿಗಾಲದ ಬೆಳಗ್ಗೆ ನಡೆಯಲು ಬಲು ಚೆಂದ. ಗೊತ್ತಿದ್ದವರ ಜೊತೆ ಹೋಗಿ.

ಬನಶಂಕರಿ ಬಾದಾಮಿಯಿಂದ 5 ಕಿ.ಮೀ. ಚೊಳಚಗುಡ್ಡದಲ್ಲಿ. ಈಗಿನ ಗುಡಿ 18ನೇ ಶತಮಾನದ್ದು. ಎದುರಿಗೆ ಮೂರು ಕಡೆ ಕಲ್ಲಿನ ಸಾಲುಮಂಟಪ ಇರುವ ದೊಡ್ಡ ಹೊಂಡ. ಸುತ್ತಮುತ್ತಲಿನ ಎಷ್ಟೋ ಮನೆಗಳಿಗೆ ಇವಳೇ ಮನೆದೇವರು. ಗುಡಿಯ ಬಳಿ ಹೆಂಗಸರು ಬುಟ್ಟಿಯಲ್ಲಿ ಕಟಕ್ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರು ಹೊತ್ತು ಬಂದು "ಊಟ ಮಾಡ್ರಿ ಅಣ್ಣಾರ, ರೊಟ್ಟಿ ಅದಾವ ನೋಡ್ರಿ" ಎಂದು ಕರೆಯುತ್ತಾರೆ. ಹೋಟೆಲು ಹುಡುಕಬೇಡಿ. ಅಲ್ಲೇ ನೆರಳಲ್ಲಿ ಕೂತು ಉಣ್ಣಿ.

ಬನಶಂಕರಿ ಜಾತ್ರೆ ಹೊತ್ತಿಗೆ ಬಂದರೆ ತೊಂದರೆ ಆಗುತ್ತಾ?

ಬನದ ಹುಣ್ಣಿಮೆಗೆ, ಅಂದರೆ ಜನವರಿ ಹೊತ್ತಿಗೆ ತೇರು. ಜಾತ್ರೆ ಮುಂದೆಯೂ ವಾರಗಟ್ಟಲೆ ನಡೆಯುತ್ತದೆ. ರೂಮು ಸಿಗುವುದು ಕಷ್ಟ, ಬಸ್ಸಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗುಡಿಗಳನ್ನು ಶಾಂತವಾಗಿ ನೋಡಬೇಕು ಎನ್ನುವವರು ಬೇರೆ ತಿಂಗಳು ಬನ್ನಿ.

ಆದರೆ ನಾಟಕ ಇಷ್ಟಪಡುವವರು ಜಾತ್ರೆಗೇ ಬರಬೇಕು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳಿಗೆ ಇದು ವರ್ಷದ ದೊಡ್ಡ ಗಳಿಕೆಯ ಕಾಲ. ಸಾಲಾಗಿ ತಗಡಿನ ಥಿಯೇಟರುಗಳು ಏಳುತ್ತವೆ. ರಾತ್ರಿ ಒಂದು ಆಟ ಮುಗಿದರೆ ಮತ್ತೊಂದು. ಹಳ್ಳಿಗಳಿಂದ ಮನೆಮಂದಿಯೆಲ್ಲ ಬಂದು ನೋಡುತ್ತಾರೆ. ಡಬಲ್ ಮೀನಿಂಗ್ ಮಾತು ಜಾಸ್ತಿ ಎಂದು ಗೊಣಗುವವರಿದ್ದಾರೆ, ಅದು ಸುಳ್ಳೇನಲ್ಲ. ಆದರೂ ಮೈಕಿನ ಮುಂದೆ ನಿಂತು ಸಾವಿರಾರು ಜನರನ್ನು ನಗಿಸುವ ನಟರನ್ನು ನೋಡುವುದೇ ಒಂದು ಅನುಭವ. ಜಾತ್ರೆಯಲ್ಲಿ ಮನೆಬಾಗಿಲು, ಚೌಕಟ್ಟುಗಳ ಪೇಟೆಯೂ ಇರುತ್ತದೆ.

ಊಟಕ್ಕೆ ಏನು ಸಿಗುತ್ತೆ?

ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಜುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಖಾನಾವಳಿ ಎಂಬ ಬೋರ್ಡಿರುವ ಕಡೆ ಹೋಗಿ. ಮಾಂಸದೂಟಕ್ಕೆ ಸಾವಜಿ ಖಾನಾವಳಿ. ಖಾರ ಜಾಸ್ತಿ, ಮೊದಲೇ ಹೇಳಿದ್ದೇನೆ. ಸಂಜೆಗೆ ಗಿರಮಿಟ್ಟು, ಮಿರ್ಚಿ ಭಜಿ. ಐಹೊಳೆಗೆ ಹತ್ತಿರದ ಅಮೀನಗಡ ಕರದಂಟಿಗೆ ಹೆಸರಾದ ಊರು. ಅಂಟು, ಒಣಹಣ್ಣು, ಬೆಲ್ಲ ಹಾಕಿ ಮಾಡುವ ಸಿಹಿ. ಮನೆಗೆ ಒಯ್ಯಲು ಒಳ್ಳೆಯದು, ಬೇಗ ಕೆಡುವುದಿಲ್ಲ.

ಗುಳೇದಗುಡ್ಡದ ಖಣ, ಇಳಕಲ್ ಸೀರೆ ನೇಯುವುದನ್ನು ನೋಡಬಹುದಾ?

ನೋಡಬಹುದು. ಗುಳೇದಗುಡ್ಡ ಬಾದಾಮಿಯಿಂದ ಮುಕ್ಕಾಲು ಗಂಟೆ ದಾರಿ. ಖಣ ಎಂದರೆ ಕುಪ್ಪಸದ ಬಟ್ಟೆ. ಮೈತುಂಬ ಚಿಕ್ಕ ಚಿಕ್ಕ ಬುಟ್ಟಾ, ಎರಡೂ ಬದಿ ದಡಿ. ಮನೆಯ ಪಡಸಾಲೆಯಲ್ಲೇ ಮಗ್ಗ ಇರುತ್ತದೆ. ಬಾಗಿಲಲ್ಲಿ ನಿಂತು "ನೋಡಬಹುದೇನ್ರಿ?" ಎಂದರೆ ಒಳಗೆ ಕರೆಯುತ್ತಾರೆ. ಕರೆದ ಮೇಲೆ ನಾಲ್ಕು ಖಣವಾದರೂ ಕೊಂಡುಕೊಳ್ಳಿ. ಈಗ ಖಣದಲ್ಲಿ ಚೀಲ, ಫ್ರಾಕು, ಕುರ್ತಾ ಎಲ್ಲ ಹೊಲಿಸುತ್ತಾರೆ.

ಇಳಕಲ್ ಹುನಗುಂದ ದಾಟಿ ಮುಂದೆ. ಹೊಳೆಯಿಂದ ದೂರ, ಆದರೆ ಐಹೊಳೆಗೆ ಬಂದವರು ಹೋಗಿ ಬರಬಹುದು. ಈ ಸೀರೆಯ ವಿಶೇಷ ಇರುವುದು ಜೋಡಣೆಯಲ್ಲಿ. ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಕೈಮಗ್ಗದ್ದಕ್ಕೂ ಪವರ್‌ಲೂಮಿನದಕ್ಕೂ ಬೆಲೆಯಲ್ಲಿ ತುಂಬಾ ಅಂತರ. ಸೆರಗು ಶುರುವಾಗುವ ಜಾಗವನ್ನು ತಿರುಗಿಸಿ ನೋಡಿ, ಕೊಂಡಿ ತೋರಿಸಲು ಅಂಗಡಿಯವರನ್ನು ಕೇಳಿ.

ಕೂಡಲಸಂಗಮದಲ್ಲಿ ಏನು ನೋಡುವುದು?

ಬಸವಣ್ಣ ಐಕ್ಯನಾದ ಜಾಗ. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗದಿರಲಿ ಎಂದು ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಸುತ್ತ ನೀರು, ನಡುವೆ ಮೆಟ್ಟಿಲಿಳಿದು ಕೆಳಗೆ ಹೋದರೆ ಮಂಟಪ. ದಂಡೆಯಲ್ಲಿ ಸಂಗಮನಾಥನ ಹಳೆಯ ಗುಡಿ. ಐಹೊಳೆಯಿಂದ ಸುಮಾರು ಒಂದು ಗಂಟೆ ದಾರಿ.

ಹೊಳೆಯ ಮೇಲ್ಭಾಗದಲ್ಲಿ ನೋಡುವಂಥದ್ದು ಇದೆಯಾ?

ಇದೆ, ಆದರೆ ಅದು ಬೇರೆಯೇ ಪ್ರವಾಸ. ಬೆಳಗಾವಿಯಲ್ಲಿ ಉಳಿದುಕೊಂಡು ಮಾಡಿ. ಖಾನಾಪುರದ ಹತ್ತಿರ ಹಲಸಿಯಲ್ಲಿ ಕದಂಬರ ಭೂವರಾಹ ನರಸಿಂಹ ಗುಡಿ. ಎದುರುಬದುರು ಎರಡು ಗರ್ಭಗುಡಿ, ಒಂದರಲ್ಲಿ ವರಾಹ, ಇನ್ನೊಂದರಲ್ಲಿ ನರಸಿಂಹ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ. 1831ರಲ್ಲಿ ಅವನನ್ನು ಗಲ್ಲಿಗೇರಿಸಿದ್ದು ಅಲ್ಲೇ. ಅವನ ಊರು ಸಂಗೊಳ್ಳಿ ಮಲಪ್ರಭೆಯ ದಂಡೆಯಲ್ಲೇ ಇದೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನ ಹೆಂಡತಿ ಗಂಗಾಂಬಿಕೆಯ ಐಕ್ಯಮಂಟಪ. ಹಾಗಾಗಿ ಗಂಡ ಹೆಂಡತಿ ಇಬ್ಬರ ನೆನಪಿನ ಜಾಗಗಳೂ ಇದೇ ಹೊಳೆಯ ಮೇಲಿವೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು, ಪಕ್ಕದ ಗುಡ್ಡದಲ್ಲಿ ಎಲ್ಲಮ್ಮ. ಹುಣ್ಣಿಮೆ, ಮಂಗಳವಾರ, ಶುಕ್ರವಾರ ವಿಪರೀತ ರಶ್ಶು. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ, ಭಂಡಾರ, ಅಂದರೆ ಅರಿಶಿನದ ಪುಡಿ, ಹಾರುತ್ತಿರುತ್ತದೆ.

ಯಾವ ತಿಂಗಳು ಒಳ್ಳೆಯದು? ಹೊಳೆಯಲ್ಲಿ ನೀರು ಇರುತ್ತಾ?

ಅಕ್ಟೋಬರಿನಿಂದ ಫೆಬ್ರವರಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಮರಳುಗಲ್ಲು ಬರಿಗಾಲಿಗೆ ಸುಡುತ್ತದೆ. ನೀರಿನ ಮಾತು ಕೇಳಬೇಡಿ. ಬೇಸಿಗೆಯಲ್ಲಿ ಪಟ್ಟದಕಲ್ಲಿನ ಹತ್ತಿರ ಹೊಳೆ ಬತ್ತಿ ಕಲ್ಲು, ಮರಳು ಕಾಣುತ್ತದೆ. ಮಹದಾಯಿಯ ನೀರನ್ನು ಕಳಸಾ, ಬಂಡೂರಿ ನಾಲೆಗಳಿಂದ ಈ ಹೊಳೆಗೆ ತಿರುಗಿಸಬೇಕು ಎಂದು ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಹೋರಾಡುತ್ತಿರುವುದು ಇದಕ್ಕೇ. ಹಾಗೆಂದು ಯಾವಾಗಲೂ ಬಡಕಲು ಹೊಳೆ ಎಂದುಕೊಳ್ಳಬೇಡಿ. 2019ರ ಆಗಸ್ಟಿನಲ್ಲಿ ಪ್ರವಾಹ ಬಂದು ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು. ಜುಲೈ, ಆಗಸ್ಟಿನಲ್ಲಿ ಬರುವವರು ಹೊರಡುವ ಮುಂಚೆ ಸುದ್ದಿ ನೋಡಿಕೊಳ್ಳಿ.

ಬರುವುದು ಹೇಗೆ? ಅಲ್ಲಿ ಓಡಾಡುವುದು ಹೇಗೆ?

ಮೈಸೂರು, ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಲ್ಲಿ ನಿಲ್ಲುತ್ತದೆ. ಸ್ಟೇಷನ್ನಿನಿಂದ ಊರು 5 ಕಿ.ಮೀ., ಟಂಟಂ ಆಟೋ ಸಿಗುತ್ತದೆ. ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿ ಹತ್ತಿರ, ಸುಮಾರು 105 ಕಿ.ಮೀ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸರ್ಕಾರಿ ಬಸ್ಸಿದೆ. ರಾಜ್ಯದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡೂ ಬೇಡ. ಐಹೊಳೆಗೆ ಬಸ್ಸು ಕಡಿಮೆ. ನಾಲ್ಕು ಜನ ಇದ್ದರೆ ಆಟೋ ಅಥವಾ ಕಾರನ್ನು ಇಡೀ ದಿನಕ್ಕೆ ಮಾತಾಡಿಕೊಳ್ಳಿ, ಪಾಪನಾಥ ಮತ್ತು ಜೈನ ಬಸದಿಯಲ್ಲೂ ನಿಲ್ಲಿಸಬೇಕು ಎಂದು ಮೊದಲೇ ಹೇಳಿ.

ಟಿಕೆಟ್ ಎಷ್ಟು? ರಜೆ ಯಾವಾಗ?

ಭಾರತೀಯರಿಗೆ ಬಾದಾಮಿ ಗುಹೆಗಳಿಗೆ, ಐಹೊಳೆಯ ದುರ್ಗ ಗುಡಿಯ ಆವರಣಕ್ಕೆ ತಲಾ 25 ರೂಪಾಯಿ, ಪಟ್ಟದಕಲ್ಲಿಗೆ 40. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಬಾದಾಮಿ, ಐಹೊಳೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆತರಬಹುದಾ?

ಧಾರಾಳವಾಗಿ. ಪಟ್ಟದಕಲ್ಲು, ಮಹಾಕೂಟ, ಬನಶಂಕರಿ, ದುರ್ಗ ಗುಡಿ, ಭೂತನಾಥ, ಎಲ್ಲವೂ ಸಮತಟ್ಟು. ಬಾದಾಮಿ ಗುಹೆಗೆ ಮೆಟ್ಟಿಲು ಹತ್ತಬೇಕು, ಮೆಟ್ಟಿಲಿನ ಎತ್ತರವೂ ಜಾಸ್ತಿ. ಮೊದಲ ಗುಹೆಯವರೆಗೆ ನಿಧಾನವಾಗಿ ಕರೆದುಕೊಂಡು ಹೋಗಿ. ಉತ್ತರದ ಕೋಟೆ, ಮೇಗುತಿ ಅವರಿಗೆ ಬೇಡ.

ಬಾದಾಮಿಯ ಕೋತಿಗಳ ಕಾಟ ನಿಜವೇ?

ನಿಜ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇದ್ದರೆ ಅದರಲ್ಲಿ ತಿಂಡಿ ಇದೆ ಎಂದೇ ಅವುಗಳ ಲೆಕ್ಕ. ನೀರಿನ ಬಾಟಲಿಯನ್ನೂ ಬ್ಯಾಗಿನೊಳಗೆ ಇಡಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಲು ಹೋಗಬೇಡಿ.